ಶನಿವಾರದ ಬಿಳಿ ಶೂ

ಮಕ್ಕಳೇ, ನಿಮ್ಮ ಅಜ್ಜನನ್ನೋ ಅಜ್ಜಿಯನ್ನೋ ಒಂದು ಪ್ರಶ್ನೆ ಕೇಳಿ ನೋಡಿ: ‘ಬಾಟಾ ಯಾವ ದೇಶದ್ದು?’ ‘ಇದೇನು ಕೇಳ್ತೀಯೋ, ನಮ್ಮದೇ ಅಲ್ವಾ?’ ಎಂಬ ಉತ್ತರ ಬಂದರೆ ನಗಬೇಡಿ. ಟಾಟಾ ಇದ್ದ ಹಾಗೆ ಬಾಟಾ. ಪೇಟೆಬೀದಿಯಲ್ಲಿ ಕೆಂಪು ಅಕ್ಷರದ ಆ ಬೋರ್ಡು ನೋಡುತ್ತಲೇ ಬೆಳೆದವರಿಗೆ ಅದು ಪರದೇಶದ್ದು ಅನ್ನಿಸುವುದಾದರೂ ಹೇಗೆ?

ನಿಜವಾಗಿ ಅದೊಂದು ಮನೆತನದ ಹೆಸರು. ಈಗಿನ ಚೆಕ್ ಗಣರಾಜ್ಯದ ಜ್ಲೀನ್ ಎಂಬ ಊರಿನಲ್ಲಿ ತಲೆತಲಾಂತರದಿಂದ ಪಾದರಕ್ಷೆ ಹೊಲಿಯುತ್ತಿದ್ದ ಮನೆತನ. ಆ ಊರಿನವರ ಬಾಯಲ್ಲಿ ಅದು ‘ಬಾತ್ಯ’. 1894ರಲ್ಲಿ ತೊಮಾಷ್ ಎಂಬ ಹದಿನೆಂಟರ ಹುಡುಗ, ಅಣ್ಣ ಆಂತೊನಿನ್ ಮತ್ತು ಸೋದರಿ ಆನ್ನಾ ಜೊತೆ ಸೇರಿ ಸ್ವಂತ ಕೆಲಸ ಶುರು ಮಾಡಿದ. ವರ್ಷ ತುಂಬುವಷ್ಟರಲ್ಲಿ ಮೈತುಂಬ ಸಾಲ. ಚರ್ಮ ಕೊಳ್ಳಲು ಕಾಸಿಲ್ಲ. ಆಗ ಅವನು ಮಾಡಿದ ಉಪಾಯ ನೋಡಿ: ಚರ್ಮದ ಬದಲು ಕ್ಯಾನ್ವಾಸ್ ಬಟ್ಟೆಯಲ್ಲಿ ಶೂ ಹೊಲಿದ! ಹಗುರ, ಅಗ್ಗ. ಕೂಲಿಕಾರರು ಮುಗಿಬಿದ್ದು ಕೊಂಡರು. ಮುಂದೆ ಇಡೀ ಲೋಕಕ್ಕೆ ಶೂ ತೊಡಿಸಿದ ಕಂಪನಿಯನ್ನು ಮೊದಲು ಎತ್ತಿ ನಿಲ್ಲಿಸಿದ್ದು ಬಟ್ಟೆಯ ಶೂ ಅನ್ನುವುದು ನನಗಂತೂ ಬಹಳ ಇಷ್ಟವಾದ ಸಂಗತಿ.

ಮೊದಲನೇ ಮಹಾಯುದ್ಧ ಮುಗಿದ ಮೇಲೆ ಆ ದೇಶದಲ್ಲಿ ಜನರ ಕೈಯಲ್ಲಿ ದುಡ್ಡೇ ಇರಲಿಲ್ಲ. 1922ರಲ್ಲಿ ತೊಮಾಷ್ ಬಾಟಾ ತನ್ನ ಶೂಗಳ ಬೆಲೆಯನ್ನು ಒಮ್ಮೆಲೇ ಅರ್ಧಕ್ಕೆ ಇಳಿಸಿದರು. ಉಳಿದ ವ್ಯಾಪಾರಿಗಳು ನಕ್ಕರು. ಆದರೆ ಅಂಗಡಿಗಳ ಮುಂದೆ ಸಾಲು ಬೆಳೆಯಿತು. ಕೆಲಸಗಾರರ ಸಂಬಳವನ್ನೂ ಆಗ ಕಡಿತ ಮಾಡಿದ್ದರು ಎಂಬುದನ್ನೂ ಹೇಳಬೇಕು. ಅಗ್ಗದ ಬೆಲೆಯನ್ನು ಎಲ್ಲೋ ಒಂದು ಕಡೆ ಯಾರಾದರೂ ತೆತ್ತಿರುತ್ತಾರೆ.

ತೊಮಾಷ್ 1932ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಆಮೇಲೆ ಕಂಪನಿ ನಡೆಸಿದ್ದು ತಮ್ಮ ಯಾನ್. ಈತನ ವಿಷಯ ಒಂದು ಹೇಳಿಬಿಡುತ್ತೇನೆ, ನಿಮಗೆ ಮಜಾ ಅನ್ನಿಸುತ್ತದೆ. ಜ್ಲೀನ್‌ನಲ್ಲಿ ಕಂಪನಿಗಾಗಿ ಹದಿನಾರು ಅಂತಸ್ತಿನ ಕಟ್ಟಡ ಕಟ್ಟಿಸಿದಾಗ ತನ್ನ ಆಫೀಸನ್ನು ಲಿಫ್ಟಿನೊಳಗೇ ಮಾಡಿಸಿದ. ಮೇಜು, ಕುರ್ಚಿ, ಟೆಲಿಫೋನು, ಕೈ ತೊಳೆಯುವ ಬೇಸಿನ್ ಎಲ್ಲ ಅದರಲ್ಲೇ. ಯಾವ ಅಂತಸ್ತಿನವರ ಹತ್ತಿರ ಮಾತಾಡಬೇಕೋ ಅಲ್ಲಿಗೆ ಆಫೀಸೇ ಹೋಗಿ ನಿಲ್ಲುವ ಏರ್ಪಾಡು! ಆ ಲಿಫ್ಟು ಈಗಲೂ ಇದೆ.

ಕೊಲ್ಕತ್ತದ ಪಕ್ಕ ಹೂಗ್ಲಿ ನದಿಯ ದಂಡೆಯಲ್ಲಿ ಇವರ ಕಾರ್ಖಾನೆ ಬಂತು. ಅದರ ಸುತ್ತ 1934ರಿಂದ ಬೆಳೆದ ಊರೇ ಬಾಟಾನಗರ. ನಮ್ಮ ಕಥೆಯ ನಾಯಕ ಹುಟ್ಟಿದ್ದು ಅಲ್ಲಿ, 1936ರಲ್ಲಿ. ಭಾರತದ ಶಾಲಾಮಕ್ಕಳು ವ್ಯಾಯಾಮದ ತರಗತಿಗೆ ಹಾಕಿಕೊಳ್ಳಲಿ ಎಂದೇ ಮಾಡಿದ ಬಿಳಿ ಕ್ಯಾನ್ವಾಸ್ ಶೂ. ಅದಕ್ಕೆ ಕಂಪನಿ ಇಟ್ಟ ಹೆಸರು ‘ಬಾಟಾ ಟೆನಿಸ್’. ಟೆನಿಸ್ ಬ್ಯಾಟನ್ನು ಚಿತ್ರದಲ್ಲಿ ಮಾತ್ರ ನೋಡಿದ್ದ ನಾವು ಅದನ್ನು ಕರೆದದ್ದು ಪಿ.ಟಿ. ಶೂ ಎಂದು.

ಇಂಥ ಶೂ ಮಾಡುವ ಬಗೆಯೂ ಸರಳ. ಹತ್ತಿಯ ದಪ್ಪ ಬಟ್ಟೆಯನ್ನು ಕತ್ತರಿಸಿ ಹೊಲಿದು ಮರದ ಅಥವಾ ಲೋಹದ ಅಚ್ಚಿನ ಕಾಲಿಗೆ ಹಾಕುತ್ತಾರೆ. ಅಡಿಗೆ ಗಂಧಕ ಬೆರೆಸಿದ ಮೆತ್ತನೆ ರಬ್ಬರು, ಸುತ್ತಲೂ ಅದೇ ರಬ್ಬರಿನ ಪಟ್ಟಿ. ಆಮೇಲೆ ಸಾಲಾಗಿ ಜೋಡಿಸಿ ದೊಡ್ಡ ಒಲೆಯಲ್ಲಿ ಬೇಯಿಸುತ್ತಾರೆ. ಇಡ್ಲಿ ಹಬೆಯಲ್ಲಿ ಬೆಂದು ಗಟ್ಟಿಯಾದ ಹಾಗೆ ರಬ್ಬರು ಬೆಂದು ಗಟ್ಟಿಯಾಗಿ ಬಟ್ಟೆಯನ್ನು ಕಚ್ಚಿ ಹಿಡಿಯುತ್ತದೆ. ಗಂಧಕ ಸೇರಿಸಿ ಕಾಯಿಸಿದರೆ ರಬ್ಬರು ಬಿಸಿಲಿಗೆ ಕರಗದೆ, ಚಳಿಗೆ ಒಡೆಯದೆ ನಿಲ್ಲುತ್ತದೆಂದು 1839ರಲ್ಲಿ ಕಂಡುಕೊಂಡವರು ಅಮೆರಿಕದ ಚಾರ್ಲ್ಸ್ ಗುಡ್‌ಇಯರ್. ರಬ್ಬರಿನ ಅಡಿ ಸದ್ದು ಮಾಡುವುದಿಲ್ಲ. ಅಲ್ಲಿಯವರು ಇಂಥ ಶೂಗೆ ‘ಸ್ನೀಕರ್’ ಅಂದದ್ದೂ ಅದಕ್ಕೇ: ಸದ್ದಿಲ್ಲದೆ ನುಸುಳುವಂಥದ್ದು.

ನಮ್ಮ ಅಜ್ಜಿಗೆ ಈ ಶೂ ಒಪ್ಪಿಗೆಯಾದ ಕಾರಣ ಮಾತ್ರ ಬೇರೆ. ಚರ್ಮದ ಮೆಟ್ಟು ಜಗುಲಿ ಹತ್ತಲು ಅವರು ಬಿಡುತ್ತಿರಲಿಲ್ಲ. ‘ಇದು ಬಟ್ಟೆ ತಾನೇ, ತೊಳೆದರಾಯ್ತು’ ಎಂದು ಬಿಳಿ ಶೂವನ್ನು ಬಚ್ಚಲಮನೆಯವರೆಗೂ ಬಿಟ್ಟುಕೊಂಡರು. ಮಲೆನಾಡಿನ ಮಳೆಗಾಲದಲ್ಲಿ ಅದು ದೊಡ್ಡ ಉಪಕಾರ. ಬಚ್ಚಲ ಒಲೆಯ ಪಕ್ಕದ ಜಾಗ ಬಿಟ್ಟರೆ ಶೂ ಒಣಗುವುದಕ್ಕೆ ಬೇರೆ ಜಾಗ ಎಲ್ಲಿತ್ತು?

ಅಕ್ಕನಿಗೂ ನನಗೂ ಸೇರಿ ಒಂದೇ ಜೊತೆ. ಈ ಶೂನಲ್ಲಿ ಹುಡುಗರದು, ಹುಡುಗಿಯರದು ಎಂಬ ಭೇದ ಇರಲಿಲ್ಲವಾದ್ದರಿಂದ ಅದು ಸಾಧ್ಯವಾಯಿತು. ಬೆಳೆಯುವ ಕಾಲೆಂದು ಅಪ್ಪಯ್ಯ ಅಕ್ಕನ ಅಳತೆಗಿಂತಲೂ ಒಂದು ಸೈಜು ದೊಡ್ಡದನ್ನೇ ತಂದಿದ್ದರು. ಬೆಲೆ 95 ಪೈಸೆಯಲ್ಲಿ ಮುಗಿದಿತ್ತು. ಉಳಿದ ಐದು ಪೈಸೆಯನ್ನು ಅಪ್ಪಯ್ಯ ಕೇಳಿ ಪಡೆದು ಜೇಬಿಗೆ ಹಾಕಿಕೊಂಡಿದ್ದು ನೆನಪಿದೆ. ನಮ್ಮ ಶಾಲೆಯಲ್ಲಿ ಹುಡುಗಿಯರಿಗೆ ಶುಕ್ರವಾರ ಡ್ರಿಲ್ಲು, ಹುಡುಗರಿಗೆ ಶನಿವಾರ ಬೆಳಗ್ಗೆ. ಶುಕ್ರವಾರ ಸಂಜೆ ಅಕ್ಕ ಶೂ ತೊಳೆದು ಒಲೆ ಪಕ್ಕ ಇಡುವಳು. ಬೆಳಗ್ಗೆ ನಾನು ಕಲೆಗಳ ಮೇಲೆ ಸೀಮೆಸುಣ್ಣ ಉಜ್ಜಿ, ಮುಂದಿನ ಖಾಲಿ ಜಾಗಕ್ಕೆ ಹಳೇ ಬಟ್ಟೆ ತುರುಕಿ ಹಾಕಿಕೊಳ್ಳುವೆನು. ಒಳಗೆ ಇನ್ನೂ ತಣ್ಣಗೆ ಒದ್ದೆ ಇರುತ್ತಿತ್ತು. ಎಡ-ಬಲ-ಎಡ ಎಂದು ಹೆಜ್ಜೆ ಹಾಕಿದಾಗ ಸೀಮೆಸುಣ್ಣದ ಪುಡಿ ಹೊಗೆಯ ಹಾಗೆ ಏಳುತ್ತಿತ್ತು.

ಈ ಏರ್ಪಾಡು ಕೆಟ್ಟದ್ದು ಆಗಸ್ಟ್ 15ರಂದು. ಅವತ್ತು ಹುಡುಗರೂ ಹುಡುಗಿಯರೂ ಒಟ್ಟಿಗೇ ಮೆರವಣಿಗೆ. ಅಕ್ಕ ಹುಡುಗಿಯರ ಸಾಲಿಗೆ ಮುಂದಾಳು. ‘ಮುಂದೆ ನಿಲ್ಲೋಳಿಗೆ ಶೂ ಬೇಕಪ್ಪಾ, ನೀನು ಹಿಂದೆ ನಿಂತ್ಕೋ’ ಎಂದರು ಅಮ್ಮ. ಶೂ ಇದ್ದವರು ಮುಂದಿನ ಸಾಲುಗಳಲ್ಲಿ, ಬರಿಗಾಲಿನವರು ಹಿಂದೆ. ನಮ್ಮ ಶಾಲೆಯ ನಿಯಮವೇ ಹಾಗಿತ್ತು. ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಹಿಂದೆ ಹೋಗಿ ನೋಡಿದರೆ ಅರ್ಧ ಕ್ಲಾಸು ಅಲ್ಲೇ ಇತ್ತು. ಪ್ರತಿ ವರ್ಷವೂ ಅವರಿಗೆ ಅದೇ ಜಾಗ. ನಮ್ಮೆಲ್ಲರಿಗಿಂತ ಚೆನ್ನಾಗಿ ಹೆಜ್ಜೆ ಹಾಕುವ ಗೆಳೆಯನೊಬ್ಬ ಕೊನೆಯ ಸಾಲಿನ ಕೊನೆಯಲ್ಲಿ ನೆಟ್ಟಗೆ ನಿಂತಿದ್ದ. ಅವನನ್ನು ನಾನು ಅಲ್ಲಿ ಗಮನಿಸಿದ್ದು ಅದೇ ಮೊದಲು.

ಬಾವುಟ ಏರಿತು, ಮಿಠಾಯಿ ಹಂಚಿದರು. ಅಕ್ಕ ಓಡಿಬಂದು ಶೂ ಕಳಚಿ ನನ್ನ ಮುಂದಿಟ್ಟಳು: ‘ನಿನ್ನ ಓಟ ಇದೆಯಲ್ಲೋ, ಬೇಗ ಹಾಕ್ಕೋ.’ ಕೆಸರು ಮೆತ್ತಿ ಅದರ ಬಣ್ಣವೇ ಗೊತ್ತಾಗುತ್ತಿರಲಿಲ್ಲ. ಹಾಕಿಕೊಂಡು ಓಡಿದೆ. ಗೆದ್ದೆನೇ ಎಂದು ಕೇಳಬೇಡಿ. ದೊಡ್ಡ ಸೈಜಿನ ಒದ್ದೆ ಶೂ ತೊಟ್ಟು ಗೆದ್ದವರನ್ನು ನಾನಿನ್ನೂ ಕಂಡಿಲ್ಲ. ಗೆದ್ದದ್ದು ಆ ಕೊನೆಯ ಸಾಲಿನ ಗೆಳೆಯ, ಬರಿಗಾಲಲ್ಲಿ.

ಈಗ ನಮ್ಮ ರಾಜ್ಯದ ಸರ್ಕಾರಿ ಶಾಲೆಯ ಮಕ್ಕಳಿಗೆ ಸರ್ಕಾರವೇ ಶೂ, ಸಾಕ್ಸ್ ಕೊಡುತ್ತದೆ. ಕಪ್ಪು ಶೂ. ಅದರ ಬಗ್ಗೆ ಯಾರು ಏನೇ ಹೇಳಲಿ, ಕಾಲು ನೋಡಿ ಸಾಲು ಮಾಡುವುದು ತಪ್ಪಿದರೆ ನನಗೆ ಅಷ್ಟೇ ಸಂತೋಷ.

ಬಿಳಿ ಶೂಗೂ ಕಾಲ ಬದಲಾಗಿದೆ. ನಿಮ್ಮ ಅಪ್ಪ-ಅಮ್ಮ ಓದುವ ಹೊತ್ತಿಗೆ ಅದೇ ಕಂಪನಿಯ ‘ನಾರ್ತ್ ಸ್ಟಾರ್’, ‘ಪವರ್’ ಬಂದು, ಪಿ.ಟಿ. ಶೂ ಬಡವರದ್ದೆನ್ನಿಸಿತ್ತು. ಈಗ ಗಾಳಿ ತಿರುಗಿದೆ. ಅಂಥದ್ದೇ ಬಿಳಿ ಕ್ಯಾನ್ವಾಸ್ ಶೂವನ್ನು ಕಾಲೇಜಿನ ಹುಡುಗ ಹುಡುಗಿಯರು ಜೀನ್ಸ್ ಪ್ಯಾಂಟಿಗೆ ಹಾಕುತ್ತಾರೆ, ಮದುವೆಗೂ ಹಾಕಿಕೊಂಡು ಬರುತ್ತಾರೆ. ನನ್ನ ಮೊಮ್ಮಗಳೂ ಒಂದು ಜೊತೆ ತಂದಿದ್ದಾಳೆ. ತೊಳೆದ ಮೇಲೆ ಹಳದಿಯಾಯಿತೆಂದು ಮುಖ ಸಣ್ಣದು ಮಾಡಿಕೊಂಡಿದ್ದಳು. ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಸೋಪು ಪೂರ್ತಿ ಹೋಗುವಂತೆ ಮೂರು ನಾಲ್ಕು ಸಲ ನೀರಲ್ಲಿ ಜಾಲಿಸಿ. ಉಳಿದ ಸೋಪೇ ಹಳದಿಯಾಗುವುದು. ಲೇಸು, ಒಳಗಿನ ಅಟ್ಟೆ ಬೇರೆ ತೆಗೆದಿಡಿ. ಒದ್ದೆ ಶೂಗೆ ಬಿಳಿ ಕಾಗದ ಸುತ್ತಿ, ನೆಟ್ಟಗೆ ಬಿಸಿಲು ಬೀಳದ ಕಡೆ ಗಾಳಿಗೆ ಇಡಿ. ಒಲೆಯ ಪಕ್ಕ ಬೇಡ, ಅಂಟು ಬಿಡುತ್ತದೆ. ನಮಗೆ ಬೇರೆ ದಾರಿ ಇರಲಿಲ್ಲ. ಒಣಗಲು ಎರಡು ದಿನ ಬೇಕು. ಶನಿವಾರಕ್ಕೆ ಬೇಕಿದ್ದರೆ ಗುರುವಾರವೇ ತೊಳೆದಿಡಿ.