ಹದಿನೈದು ಮೆಟ್ಟಿಲಿಳಿದರೆ ಸಂಗೀತ

ನ್ಯೂಯಾರ್ಕ್ ನಗರದ ಗ್ರೀನಿಚ್ ವಿಲೇಜ್ ಬಡಾವಣೆಯಲ್ಲಿ ಕೆಂಪು ಬಾಗಿಲೊಂದಿದೆ. ಒಳಹೊಕ್ಕು ಹದಿನೈದು ಮೆಟ್ಟಿಲು ಇಳಿದರೆ ನೆಲಮಾಳಿಗೆಯ ಪುಟ್ಟ ಕೋಣೆ. ಕೂರಲು ಸ್ಥಳ 123 ಮಂದಿಗೆ ಮಾತ್ರ. ಶಾಲೆಯೊಂದರ ಎರಡು ಮೂರು ತರಗತಿಯ ಮಕ್ಕಳು ಬಂದರೆ ಭರ್ತಿ! ಜಾಝ್ ಸಂಗೀತಪ್ರಿಯರ ಪಾಲಿಗೆ ಇದು ಯಾತ್ರಾಸ್ಥಳ. ಹೆಸರು ವಿಲೇಜ್ ವ್ಯಾನ್‌ಗಾರ್ಡ್. 1935ರಿಂದಲೂ ಇದೇ ನೆಲಮಾಳಿಗೆಯಲ್ಲಿದೆ.

ಇದನ್ನು ಕಟ್ಟಿದವರು ಮ್ಯಾಕ್ಸ್ ಗಾರ್ಡನ್. ಪೂರ್ವ ಯುರೋಪಿನಿಂದ ವಲಸೆ ಬಂದ ಕುಟುಂಬದವರು. ಮಗ ವಕೀಲನಾಗಬೇಕೆಂಬುದು ಹೆತ್ತವರ ಆಸೆ. ಕಾನೂನು ಓದಲೆಂದು ಕೊಲಂಬಿಯಾ ವಿಶ್ವವಿದ್ಯಾಲಯ ಸೇರಿದ ಮಗ ಕೆಲವೇ ವಾರಗಳಲ್ಲಿ ಓದು ಬಿಟ್ಟರು. ಅವರ ಕ್ಲಬ್ಬಿನಲ್ಲಿ ಮೊದಮೊದಲು ಕವಿಗಳು, ಹಾಸ್ಯಗಾರರು, ಜಾನಪದ ಗಾಯಕರು ಸೇರುತ್ತಿದ್ದರು. 1957ರ ಹೊತ್ತಿಗೆ ಜಾಝ್‌ಗೇ ಅಗ್ರಸ್ಥಾನ ದೊರೆಯಿತು. ನಮ್ಮ ಸಂಗೀತದ ಮನೋಧರ್ಮದಂತೆ, ವೇದಿಕೆಯಲ್ಲೇ ಹೊಸದನ್ನು ಕಟ್ಟುತ್ತಾ ಹೋಗುವುದು ಜಾಝ್‌ನ ಜೀವಾಳ.

ಇಲ್ಲಿನ ನಾದ ಅಷ್ಟು ಸ್ಪಷ್ಟವೇಕೆ? ಕೋಣೆ ಆಯತಾಕಾರವಲ್ಲ, ವೇದಿಕೆಯತ್ತ ಕಿರಿದಾಗುವ ತ್ರಿಕೋನ. ಗೋಡೆಗಳು ಸಮಾನಾಂತರವಾಗಿದ್ದರೆ ಧ್ವನಿತರಂಗಗಳು ಅವುಗಳ ನಡುವೆ ಚೆಂಡಿನಂತೆ ಪುಟಿಯುತ್ತವೆ, ಸ್ವರಗಳು ಕಲಸಿಹೋಗುತ್ತವೆ. ಓರೆ ಗೋಡೆಗಳು ಅವನ್ನು ಬೇರೆ ಬೇರೆ ದಿಕ್ಕಿಗೆ ಚದುರಿಸುತ್ತವೆ. ಒತ್ತಾಗಿ ಕೂತ ಜನರ ಮೈ, ಬಟ್ಟೆಗಳೂ ಒಂದಿಷ್ಟು ಶಬ್ದವನ್ನು ಹೀರಿಕೊಳ್ಳುತ್ತವೆ. ಹೀಗೆ, ಕೇಳುಗರೂ ನಾದಕ್ಕೆ ನೆರವಾಗುತ್ತಾರೆ!

ಸಾನಿ ರೋಲಿನ್ಸ್, ಜಾನ್ ಕೋಲ್ಟ್ರೇನ್ ಮುಂತಾದ ದಿಗ್ಗಜರ ಕಛೇರಿಗಳು ಇಲ್ಲಿ ಧ್ವನಿಮುದ್ರಣಗೊಂಡಿವೆ. 1961ರ ಜೂನ್ 25, ಭಾನುವಾರ ಪಿಯಾನೋ ವಾದಕ ಬಿಲ್ ಇವಾನ್ಸ್ ತಮ್ಮಿಬ್ಬರು ಸಂಗಡಿಗರೊಂದಿಗೆ ನುಡಿಸಿದರು. ಆ ಮುದ್ರಣದಲ್ಲಿ ಗ್ಲಾಸುಗಳ ಸದ್ದು, ಜನರ ಮಾತೂ ಕೇಳುತ್ತವೆ. ಅಂದು ಬಾಸ್ ನುಡಿಸಿದ ಸ್ಕಾಟ್ ಲಫಾರೊ ಹನ್ನೊಂದು ದಿನಗಳ ನಂತರ ಕಾರು ಅಪಘಾತದಲ್ಲಿ ತೀರಿಕೊಂಡರು. ವಯಸ್ಸು ಕೇವಲ 25. ಆ ಮೂವರು ಮತ್ತೆ ಒಟ್ಟಿಗೆ ಧ್ವನಿಮುದ್ರಣ ಮಾಡಲಿಲ್ಲ. ಆ ಭಾನುವಾರದ ನಾದ ಮಾತ್ರ ಉಳಿಯಿತು.

1989ರಲ್ಲಿ ಮ್ಯಾಕ್ಸ್ ತೀರಿಕೊಂಡಾಗ ಪತ್ನಿ ಲೊರೇನ್ ಕ್ಲಬ್ಬಿನ ಹೊಣೆ ಹೊತ್ತರು. 2018ರಲ್ಲಿ ಅವರೂ ನಿಧನರಾದರು. ಮಗಳು ಡೆಬೊರಾ ಮುಂದುವರಿಸಿದರು. 2020ರ ಮಾರ್ಚ್‌ನಲ್ಲಿ ಕೋವಿಡ್‌ನಿಂದಾಗಿ ಬಾಗಿಲು ಮುಚ್ಚಿತು. ಕೆಲ ಕಾಲ ಕಲಾವಿದರು ಖಾಲಿ ಕುರ್ಚಿಗಳ ಮುಂದೆ ನುಡಿಸಿದರು. ಕೇಳುಗರು ತಮ್ಮ ತಮ್ಮ ಮನೆಗಳಲ್ಲಿ ಅಂತರ್ಜಾಲದ ಮೂಲಕ ಆಲಿಸಿದರು. 2021ರ ಸೆಪ್ಟೆಂಬರ್‌ನಲ್ಲಿ ಜನ ಮತ್ತೆ ಮೆಟ್ಟಿಲಿಳಿದು ಬಂದರು.

ಥ್ಯಾಡ್ ಜೋನ್ಸ್ ಮತ್ತು ಮೆಲ್ ಲೂಯಿಸ್ 1966ರಲ್ಲಿ ಇಲ್ಲಿ ಸೋಮವಾರದ ವಾದ್ಯವೃಂದವನ್ನು ಆರಂಭಿಸಿದ್ದರು. ಅವರಿಬ್ಬರೂ ಈಗಿಲ್ಲ. ವೃಂದ ಮಾತ್ರ ಉಳಿದಿದೆ. ಹಿರಿಯರು ಬಿಟ್ಟುಹೋದ ಕುರ್ಚಿಗಳಲ್ಲಿ ಕಿರಿಯರು ಕೂತು ನುಡಿಸುತ್ತಿದ್ದಾರೆ.