ಎರಡು ಸಲ ಜಾಮ್ ಆದ ಆರ್‌ಎಕ್ಸ್ (ಟೂ-ಸ್ಟ್ರೋಕ್ ಕಥೆ, ಭಾಗ 7)

ಮೊದಲ ಫೋಟೋದಲ್ಲಿರೋ ಪಿಸ್ಟನ್ ನೋಡಿ. ಸೈಲೆನ್ಸರ್ ಕಡೆಯ ಮೈಮೇಲೆ ಉದ್ದುದ್ದ ಗೀರು, ಹಿಂಭಾಗ ಮಾತ್ರ ಹೊಸದರ ಹಾಗೆ ನುಣ್ಣಗಿದೆ. ಮೂರು ವರ್ಷದಿಂದ ಇದು ನನ್ನ ಟೇಬಲ್ ಮೇಲೇ ಇದೆ. ಬಿಲ್ಲುಗಳು ಹಾರದ ಹಾಗೆ ಭಾರಕ್ಕೆ ಇಟ್ಕೊಂಡಿದೀನಿ ಅಂತ ಕೇಳಿದವರಿಗೆಲ್ಲ ಹೇಳ್ತೀನಿ. ಅದು ಸುಳ್ಳು.

ಗಾಡಿ ಯಮಹಾ ಆರ್‌ಎಕ್ಸ್ 100. ನಿಮಗೆ ಗೊತ್ತಿರೋದೇ: 1985ರಿಂದ 1996ರವರೆಗೆ ಬಂತು, ಬೋರ್ 50 ಮಿ.ಮೀ., ಸ್ಟ್ರೋಕ್ 50 ಮಿ.ಮೀ., 98 ಸಿಸಿ, 11 ಬಿಎಚ್‌ಪಿ. ಮೈಸೂರಿನ ಯೆಜ್ಡಿ ನಿಂತಿದ್ದೂ ಅದೇ 1996ರಲ್ಲಿ. ನಮ್ಮಪ್ಪ ಅರಸೀಕೆರೆ ಸಂತೆಗೆ ಕೊಬ್ಬರಿ ಮೂಟೆ ಹೊತ್ತಿದ್ದು ಯೆಜ್ಡಿ ಮೇಲೆ. ನಾನು ಕೆಟ್ಟಿದ್ದು ಆರ್‌ಎಕ್ಸ್‌ನಿಂದ.

ಸುಗ್ಗಿ ಮುಗಿದ ಮೇಲೆ ಬೇಲೂರು ಕಡೆ ಗದ್ದೆಗಳಲ್ಲಿ ನಡೆಯೋ ಡರ್ಟ್ ರೇಸಿಗೆ ಅಂತಲೇ ಇದನ್ನ ಕಟ್ಟಿದ್ವಿ. ಲೈಟ್ ಇಲ್ಲ, ಹಾರ್ನ್ ಇಲ್ಲ, ರೋಡಿಗೆ ಇಳಿಸೋ ಹಾಗಿಲ್ಲ, ಟಾಟಾ ಏಸ್‌ನಲ್ಲೇ ಸವಾರಿ. ಆಯಿಲ್ ಪಂಪ್ ತೆಗೆದು, ಲೀಟರ್ ಪೆಟ್ರೋಲಿಗೆ 40 ಎಂಎಲ್ 2ಟಿ ಎಣ್ಣೆ ಕೈಯಲ್ಲೇ ಬೆರೆಸ್ತಿದ್ವಿ. ಎಕ್ಸಾಸ್ಟ್ ಪೋರ್ಟನ್ನ ಸ್ವಲ್ಪವೇ ಮೇಲಕ್ಕೆ ಉಜ್ಜಿದ್ದೆ. ಜಾಸ್ತಿ ಉಜ್ಜಿದ್ರೆ ಮೇಲಿನ ಆರ್‌ಪಿಎಂನಲ್ಲಿ ಕಿರುಚಿಕೊಂಡು ಓಡುತ್ತೆ, ಆದರೆ ಮೆತ್ತನೆ ಮಣ್ಣಿನ ತಿರುವಿನಲ್ಲಿ ಕೆಳಗಿನ ಎಳೆತ ಇರಲ್ಲ, ಸವಾರ ಕ್ಲಚ್ ಹಿಡಿದೇ ಸುಸ್ತಾಗ್ತಾನೆ. ಆ ಕೆಲಸದ ಬಗ್ಗೆ ನನಗೆ ಈಗಲೂ ಹೆಮ್ಮೆ ಇದೆ. ಉಳಿದದ್ದರ ಬಗ್ಗೆ ಇಲ್ಲ.

ಮೊದಲನೇ ಸಲ ಜಾಮ್ ಆಗಿದ್ದು ಜಾವಗಲ್ ಕಡೆ ಒಂದು ತೆಂಗಿನ ತೋಟದಲ್ಲಿ. ಎಣ್ಣೆ ಕಮ್ಮಿ ಆಯ್ತು ಅಂದ್ಕೊಂಡೆ. ಬ್ಲಾಕ್ ಉಜ್ಜಿ, ಪಿಸ್ಟನ್ ಬದಲಾಯಿಸಿ, ಎಣ್ಣೆ 50 ಎಂಎಲ್ ಮಾಡಿದೆ.

ಆಗ ನನ್ನ ಹತ್ರ ಕೆಲಸಕ್ಕಿದ್ದ ಹುಡುಗನಿಗೆ ಹತ್ತೊಂಬತ್ತು. ಗಾಡಿ ಸ್ಟಾರ್ಟ್ ಮಾಡಿ ಅವನು ಹೇಳಿದ್ದ: "ಅಣ್ಣಾ, ಆಕ್ಸಿಲೇಟರ್ ಬಿಟ್ರೂ ಆರ್‌ಪಿಎಂ ತಟ್ಟನೆ ಇಳೀತಿಲ್ಲ, ಮೇಲೇ ನಿಂತ್ಕೊಳ್ತದೆ." ಕೇಬಲ್ ಬಿಗಿಯಾಗಿರಬೇಕು, ಸಡಿಲ ಮಾಡು ಅಂದೆ.

ಎರಡನೇ ಸಲ ಹಳೇಬೀಡಿನ ಹತ್ತಿರದ ಗದ್ದೆಯಲ್ಲಿ. ಓಡಿಸ್ತಿದ್ದವನು ನನ್ನ ಅಕ್ಕನ ಮಗ. ಮೂರನೇ ಗೇರಿನಲ್ಲಿ ಹಿಂದಿನ ಚಕ್ರ ಕಟ್ಟಿಹಾಕಿದ ಹಾಗೆ ನಿಂತಿತು. ಬಿದ್ದ, ಮಣಿಕಟ್ಟು ಮುರೀತು. (ಟೂ-ಸ್ಟ್ರೋಕ್ ಓಡಿಸೋವಾಗ ಎರಡು ಬೆರಳು ಯಾವಾಗಲೂ ಕ್ಲಚ್ ಮೇಲಿರಲಿ ಅಂತ ನಾನು ಪ್ರತಿ ಭಾಗದಲ್ಲೂ ಬಡ್ಕೊಳ್ಳೋದು ಇದಕ್ಕೇ.) ಅಲ್ಲೇ, ಅಷ್ಟೂ ಜನರ ಮುಂದೆ ಹುಡುಗನನ್ನ ಕೇಳಿದೆ: "ಎಣ್ಣೆ ಹಾಕಿದ್ಯೇನೋ, ಇಲ್ವೇನೋ?" "ಹಾಕಿದೀನಿ ಅಣ್ಣಾ" ಅಂದ. ಆಮೇಲೆ ನಾನು ಆಡಿದ ಮಾತನ್ನ ಇಲ್ಲಿ ಬರೆಯಲ್ಲ. ಸೋಮವಾರದಿಂದ ಅವನು ಅಂಗಡಿಗೆ ಬರಲಿಲ್ಲ.

ಎಂಜಿನ್ ಬಿಚ್ಚಿದ್ದು ಹದಿನೈದು ದಿನ ಬಿಟ್ಟು. ಎರಡನೇ ಫೋಟೋ ನೋಡಿ, ಕ್ರ್ಯಾಂಕ್ ಮತ್ತು ಕನೆಕ್ಟಿಂಗ್ ರಾಡ್. ಬಿಗ್ ಎಂಡ್ ಬೇರಿಂಗ್ ಎಣ್ಣೆಯಲ್ಲಿ ತೊಯ್ದು ಹೊಳೀತಿದೆ. ಎಣ್ಣೆ ಬೆರೆಸದೆ ಓಡಿಸಿದ್ದರೆ ಇದು ಒಣಗಿ, ಕಾದು ನೀಲಿ ತಿರುಗಿರಬೇಕಿತ್ತು; ಪಿಸ್ಟನ್ನಿನ ಸುತ್ತಲೂ ಗೀರು ಬೀಳಬೇಕಿತ್ತು. ಗೀರು ಇದ್ದದ್ದು ಬಿಸಿ ಜಾಸ್ತಿ ಇರೋ ಸೈಲೆನ್ಸರ್ ಕಡೆ ಮಾತ್ರ. ಅಂದ್ರೆ ಎಣ್ಣೆ ಇತ್ತು, ಪೆಟ್ರೋಲ್ ಸಾಲದೆ ಎಂಜಿನ್ ಕಾದಿತ್ತು. ಎಣ್ಣೆ ಜಾಸ್ತಿ ಮಾಡಿ ನಾನು ಇನ್ನಷ್ಟು ಕೆಡಿಸಿದ್ದೆ. ಜೆಟ್ಟಿನ ತೂತು ಅಷ್ಟೇ ಅಲ್ವಾ? ಅದರಲ್ಲಿ ಎಣ್ಣೆ ಜಾಸ್ತಿ ಹೋದಷ್ಟೂ ಪೆಟ್ರೋಲ್ ಕಮ್ಮಿ ಹೋಗುತ್ತೆ.

ಹಾಗಾದ್ರೆ ಗಾಳಿ ಎಲ್ಲಿಂದ ಬರ್ತಿತ್ತು? ಫೋರ್-ಸ್ಟ್ರೋಕ್ ಕಲಿತವರು ಎಡವೋದು ಇಲ್ಲೇ. ಟೂ-ಸ್ಟ್ರೋಕ್‌ನಲ್ಲಿ ಕೆಳಗಿನ ಕ್ರ್ಯಾಂಕ್‌ಕೇಸೇ ಒಂದು ಪಂಪು. ಪೆಟ್ರೋಲ್-ಗಾಳಿ ಮೊದಲು ಅಲ್ಲಿಗೆ ಹೋಗಿ, ಆಮೇಲೆ ಮೇಲಕ್ಕೆ ಬರೋದು. ಎರಡೂ ಬದಿಯ ಆಯಿಲ್ ಸೀಲು ಗಟ್ಟಿ ಇರಬೇಕು. ಕ್ಲಚ್ ಕಡೆ ಸೀಲ್ ಹೋದ್ರೆ ಗೇರ್ ಆಯಿಲ್ ಎಳ್ಕೊಂಡು ದಟ್ಟ ಬಿಳಿ ಹೊಗೆ ಬಿಡುತ್ತೆ, ಊರಿಗೆಲ್ಲ ಗೊತ್ತಾಗುತ್ತೆ. ಮ್ಯಾಗ್ನೆಟ್ ಕಡೆದು ಹೋದ್ರೆ ಬರೀ ಗಾಳಿ ಎಳ್ಕೊಳ್ಳುತ್ತೆ. ಹೊಗೆ ಇಲ್ಲ, ಕಲೆ ಇಲ್ಲ. ಆಕ್ಸಿಲೇಟರ್ ಬಿಟ್ರೂ ಆರ್‌ಪಿಎಂ ಇಳಿಯಲ್ಲ, ಅಷ್ಟೇ.

ಮೂರನೇ ಫೋಟೋದಲ್ಲಿರೋದು ನಮ್ಮಮ್ಮನ ಬಿಪಿ ಮೀಟರ್. ನಗಬೇಡಿ. ಎಂಜಿನ್ ಮತ್ತೆ ಜೋಡಿಸಿ, ಸೈಲೆನ್ಸರ್ ಬಾಯಿಗೆ ಟ್ಯೂಬ್ ರಬ್ಬರ್ ಇಟ್ಟು ಪಟ್ಟಿ ಬಿಗಿದು, ಕಾರ್ಬ್ಯುರೇಟರ್ ಬಾಯನ್ನೂ ಮುಚ್ಚಿ, ಪಿಸ್ಟನ್ನನ್ನ ಪೂರ್ತಿ ಕೆಳಗಿಳಿಸಿ, ಹಳೇ ಪ್ಲಗ್ಗಿನ ಪಿಂಗಾಣಿ ಒಡೆದು ತೆಗೆದು ಅದಕ್ಕೆ ಬಿಪಿ ಮೀಟರಿನ ಪೈಪ್ ಸಿಕ್ಕಿಸಿದೆ. 300ರವರೆಗೆ ಒತ್ತಿದೆ, ಅದು ಹೆಚ್ಚುಕಮ್ಮಿ 6 ಪಿಎಸ್‌ಐ. ಅದಕ್ಕಿಂತ ಜಾಸ್ತಿ ಬೇಡ, ಒಳ್ಳೇ ಸೀಲೂ ಹೊರಗೆ ಬರಬಹುದು. ಮುಳ್ಳು ನಿಲ್ಲಲೇ ಇಲ್ಲ, ಕಣ್ಣೆದುರೇ ಇಳೀತಾ ಹೋಯ್ತು. ಮ್ಯಾಗ್ನೆಟ್ ಬಿಚ್ಚಿ ಸೋಪಿನ ನೀರು ಹಚ್ಚಿದೆ. ಸೀಲಿನ ತುಟಿಯ ಒಂದೇ ಜಾಗದಲ್ಲಿ ಗುಳ್ಳೆ, ಮತ್ತೆ ಗುಳ್ಳೆ.

ಸೀಲ್ ಹೊಸದೇ. ಹಾಕಿದ್ದು ನಾನೇ. ಶಾಫ್ಟಿನಲ್ಲಿ ಮ್ಯಾಗ್ನೆಟ್ ಕೀಲಿ ಕೂರೋ ಗಾಡಿಯ ಅಂಚು ಚಾಕುವಿನ ಹಾಗಿರುತ್ತೆ. ಅದರ ಮೇಲೆ ಸೀಲ್ ಜಾರಿಸೋವಾಗ ತುಟಿ ಕುಯ್ದು ಹೋಗಿತ್ತು, ಉಗುರಿನ ಅಂಚಿನಷ್ಟು.

ಹೊಸ ಸೀಲ್ ಹಾಕಿ, 0.50 ಓವರ್‌ಸೈಜ್ ಬೋರ್ ಹೊಡೆಸಿ, ಎಣ್ಣೆ ವಾಪಸ್ 40ಕ್ಕೆ ತಂದೆ. ಗಾಡಿ ಇವತ್ತಿಗೂ ಜಾಮ್ ಆಗಿಲ್ಲ. ಅಕ್ಕನ ಮಗನ ಕೈ ಕೂಡಿಕೊಂಡಿದೆ, ಚಳಿಗಾಲದಲ್ಲಿ ನೋಯುತ್ತೆ ಅಂತಾನೆ.

ಹುಡುಗನಿಗೆ ಫೋನ್ ಮಾಡೋಕೆ ನನಗೆ ಎಂಟು ತಿಂಗಳು ಬೇಕಾಯ್ತು. ಬೆಂಗಳೂರಲ್ಲಿ ಸರ್ವಿಸ್ ಸೆಂಟರ್ ಒಂದರಲ್ಲಿದ್ದ. ತಪ್ಪು ನಂದೇ ಕಣೋ, ಮ್ಯಾಗ್ನೆಟ್ ಕಡೆ ಸೀಲು ಅಂದೆ. ಆ ಕಡೆಯಿಂದ ಏರ್ ಗನ್ ಸದ್ದು ಮಾತ್ರ ಕೇಳ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ ಕೇಳಿದ: "ಹಾಕೋವಾಗ ಶಾಫ್ಟಿಗೆ ಟೇಪ್ ಸುತ್ತಿದ್ರಾ ಅಣ್ಣಾ?"

ಸುತ್ತಿರಲಿಲ್ಲ.