ಯೂನಿವರ್ಸಿಟಿ ಆರಿಸಿದ್ದು ಯಾರು?

ಹೋದ ಸಲ ತಿತಿಮತಿಗೆ ಹೋಗಿದ್ದಾಗ ಚಿಕ್ಕಪ್ಪನ ಮಗಳ ಸಿಇಟಿ ಆಪ್ಷನ್ ಎಂಟ್ರಿ ನಡೀತಿತ್ತು. "ಅಣ್ಣ ಸಾಫ್ಟ್‌ವೇರ್‌ನಲ್ಲಿದ್ದಾನೆ, ಅವನನ್ನೇ ಕೇಳು" ಅಂತ ಲ್ಯಾಪ್‌ಟಾಪ್ ನನ್ನ ಮುಂದೆ ಇಟ್ಟರು. ನನ್ನ ಬಾಯಿಂದ ಮೊದಲು ಬಂದ ಮಾತು, "ಪ್ಲೇಸ್‌ಮೆಂಟ್ ಹೇಗಿದೆ ನೋಡು".

ಪಕ್ಕದಲ್ಲಿದ್ದ ಅಪ್ಪ ನಕ್ಕರು. ಅವರ ಕಾಲದಲ್ಲಿ ನೋಡ್ತಿದ್ದದ್ದು ಬಸ್ಸು. ಎಂಬತ್ತರ ದಶಕದಲ್ಲಿ ಅವರು ಗೋಣಿಕೊಪ್ಪದ ಕಾವೇರಿ ಕಾಲೇಜು ಸೇರಿದ್ದಕ್ಕೆ ಕಾರಣ ಒಂದೇ, ಕತ್ತಲಾಗೋ ಮೊದಲು ಮನೆ ಸೇರಬಹುದಿತ್ತು. ನಮ್ಮ ಕಡೆ ಸಂಜೆಯಾದರೆ ರಸ್ತೆ ಆನೆಗಳದ್ದು. ನಮಗೆ ಹತ್ತಿರ ಮೈಸೂರು. ಆದರೆ 1980ರಲ್ಲಿ ಮಂಗಳೂರು ವಿಶ್ವವಿದ್ಯಾಲಯ ಶುರುವಾದಾಗ ಕೊಡಗು ಅದರ ಪಾಲಿಗೆ ಬಂತು. ಹಾಗಾಗಿ ಅಪ್ಪನ ಡಿಗ್ರಿ ಸರ್ಟಿಫಿಕೇಟ್ ಮಂಗಳೂರಿನದು. ಕೊಣಾಜೆ ಕ್ಯಾಂಪಸ್ಸನ್ನ ಅವರು ಇವತ್ತಿಗೂ ನೋಡಿಲ್ಲ :)

ನನ್ನದೇನು ಭಿನ್ನ? 2015ರಲ್ಲಿ ಸೈಬರ್ ಸೆಂಟರ್‌ನಲ್ಲಿ ಕೂತು ಬರೀ ಬೆಂಗಳೂರಿನ ಕಾಲೇಜುಗಳನ್ನೇ ಸಾಲಾಗಿ ತುಂಬಿದ್ದೆ. ಪಕ್ಕದ ತೋಟದ ಹುಡುಗ ಅಲ್ಲಿ ಓದಿ ಕೆಲಸ ಹಿಡಿದಿದ್ದ, ಅಷ್ಟೇ. ಆ ವರ್ಷದ ಕರಿಮೆಣಸಿನ ದುಡ್ಡೆಲ್ಲ ನನ್ನ ಹಾಸ್ಟೆಲ್‌ಗೆ ಹೋಯಿತು. ನನ್ನ ಪಿಯುಸಿ ಗೆಳೆಯ ಪೊನ್ನಂಪೇಟೆಯಲ್ಲೇ ಇಂಜಿನಿಯರಿಂಗ್ ಸೇರಿದ. ಇಬ್ಬರದೂ ವಿಟಿಯು. ಒಂದೇ ಸಿಲಬಸ್, ಒಂದೇ ದಿನ ಒಂದೇ ಪ್ರಶ್ನೆಪತ್ರಿಕೆ, ಸರ್ಟಿಫಿಕೇಟ್ ಮೇಲೆ ಅದೇ ಬೆಳಗಾವಿ! ನಾನು ಆರಿಸಿದ್ದು ಯೂನಿವರ್ಸಿಟಿಯನ್ನಲ್ಲ, ಕಂಪನಿಗಳು ಬರೋ ಊರನ್ನ. ಕೆಲಸ ಸಿಕ್ಕಿತು, ಸುಳ್ಳು ಹೇಳಲ್ಲ. ಆದರೆ ನನಗೆ ಏನು ಕಲೀಬೇಕು ಅನ್ನಿಸುತ್ತೆ ಅಂತ ಒಮ್ಮೆಯೂ ಕೇಳಿಕೊಂಡಿರಲಿಲ್ಲ.

ತಂಗಿಯ ಲಿಸ್ಟಿನಲ್ಲಿ ಮೊದಲು ಇದ್ದದ್ದು ಪೊನ್ನಂಪೇಟೆಯ ಫಾರೆಸ್ಟ್ರಿ ಕಾಲೇಜು. "ಕಂಪ್ಯೂಟರ್ ಸೈನ್ಸ್ ಮೇಲೆ ಹಾಕು, ಇದರಲ್ಲಿ ಅಷ್ಟು ಕೆಲಸ ಇಲ್ಲ" ಅಂದೆ.

"ಆನೆಗೆ ಹೆದರಿ ದೊಡ್ಡಪ್ಪ ಬಸ್ ನೋಡಿ ಕಾಲೇಜು ಸೇರಿದ್ರು. ಆನೆ ತೋಟಕ್ಕೆ ಯಾಕೆ ಬರುತ್ತೆ ಅಂತ ನಾನು ಓದ್ತೀನಿ ಅಣ್ಣಾ" ಅಂದಳು.

ನನ್ನ ಹತ್ತಿರ ಉತ್ತರ ಇರಲಿಲ್ಲ. ಚಿಕ್ಕಮ್ಮ ಒಪ್ಪಿದ್ದು ಮಾತ್ರ "ಹುಡುಗಿ ಕಣ್ಣೆದುರು ಇರ್ತಾಳೆ" ಅಂತ.

ತಮಾಷೆ ಅಂದ್ರೆ ಆ ಕಾಲೇಜು ಇರೋದು ಶಿವಮೊಗ್ಗದ ಕೃಷಿ ವಿಶ್ವವಿದ್ಯಾಲಯದ ಕೆಳಗೆ. 2023ರಲ್ಲಿ ಜಿಲ್ಲೆಗೇ ಅಂತ ಕೊಡಗು ವಿಶ್ವವಿದ್ಯಾಲಯ ಬಂತು, 2025ರಲ್ಲಿ ಅದನ್ನ ಮುಚ್ಚೋ ಮಾತೂ ಬಂತು. ಸರ್ಟಿಫಿಕೇಟ್ ಮೇಲಿನ ಹೆಸರು ನಮ್ಮ ಕೈಯಲ್ಲಿ ಯಾವತ್ತೂ ಇರಲಿಲ್ಲ. ನಮ್ಮ ಮನೆಯಲ್ಲಿ ವಿಷಯ ನೋಡಿ ಆರಿಸಿದವಳು ಇವಳೇ ಮೊದಲು.

ಆಪ್ಷನ್ ಬದಲಾಯಿಸದೆ ಸೇವ್ ಒತ್ತಿದೆ. ಒಳಗೊಳಗೆ ಭಯ ಇದ್ದೇ ಇದೆ...

ನೀವು ಏನು ನೋಡಿ ಸೇರಿದಿರಿ? ಬಸ್ಸೋ, ಪ್ಲೇಸ್‌ಮೆಂಟೋ?